ಅಮ್ಮನ ಕುರ್ಚಿಯಲ್ಲಿ ಕೂತು ಕೇಳು

ಮಂಗಳೂರಿನ ಬಿಜೈಯ ಹೊಸ ಬಾಡಿಗೆ ಮನೆಗೆ ಹೋಮ್ ಥಿಯೇಟರ್ ಹಾಕಿಸಬೇಕು, ಕೈಯಲ್ಲಿ 60 ಸಾವಿರ ಉಂಟು, ಐದು ಸ್ಪೀಕರ್ ಮತ್ತೆ ಒಂದು ಸಬ್‌ವೂಫರ್ ಇರುವ ಸೆಟ್ಟು ನೋಡಿಟ್ಟಿದ್ದೇನೆ, ತೆಗೆದುಕೊಳ್ಳಲಾ ಮಾವ ಅಂತ ನೀನು ಕೇಳಿದಾಗ ನಾನು ಹೂಂ ಅನ್ನಲಿಲ್ಲ. ನಿನಗೆ ಬೇಸರವಾದದ್ದು ನನಗೆ ಗೊತ್ತಾಯಿತು. 2022ರಲ್ಲಿ ಥಿಯೇಟರಿನಲ್ಲಿ ‘ಕಾಂತಾರ’ ನೋಡಿ ಬಂದ ಮೇಲೆ ಅದರಲ್ಲಿ ದೈವ ಹಾಕುವ ಕೂಗನ್ನು ನೀನು ಇನ್ನೂ ಮರೆತಿಲ್ಲ. ಅದು ಮನೆಯಲ್ಲೂ ಹಾಗೆಯೇ ಕೇಳಬೇಕು ಅನ್ನುವ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಯೋಚಿಸು ಮಾರಾಯ, ಅಷ್ಟು ಜನರ ರೋಮ ನಿಲ್ಲಿಸಿದ್ದು ಮನುಷ್ಯನ ಕಂಠ. ಕಂಠವನ್ನು ಸರಿಯಾಗಿ ಕೇಳಿಸುವ ಪೆಟ್ಟಿಗೆ ಬೇರೆ, ನೆಲ ಅದುರಿಸುವ ಪೆಟ್ಟಿಗೆ ಬೇರೆ. ಹಂಪನಕಟ್ಟೆಯ ಸಣ್ಣ ಅಂಗಡಿಯಲ್ಲಿ ನಲವತ್ತು ವರ್ಷ ರೇಡಿಯೊ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್ ಬಿಚ್ಚಿ ಜೋಡಿಸಿದವನು ನಾನು. ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸುವ ವಿಷಯ ಇದಲ್ಲ ಅಂತಲೇ ಭಾನುವಾರ ಟೇಪು ಹಿಡಿದುಕೊಂಡು ನಿಮ್ಮಲ್ಲಿಗೆ ಬಂದದ್ದು.

ನಿನ್ನ ಹಾಲು ಹನ್ನೊಂದು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಟಿವಿಯ ಪ್ಲಗ್ ಪಾಯಿಂಟನ್ನು ಕಟ್ಟಿದವರು ಉದ್ದದ ಗೋಡೆಯಲ್ಲಿ ಇಟ್ಟಿದ್ದಾರೆ, ಎದುರಿನ ಗೋಡೆಗೆ ಸೋಫಾ ಅಂಟಿ ಕೂತಿದೆ. ಟಿವಿಯ ಎಡಕ್ಕೆ ಬಾಲ್ಕನಿಯ ದೊಡ್ಡ ಗಾಜಿನ ಬಾಗಿಲು. ಬಲಕ್ಕೆ ಗೋಡೆಯೇ ಇಲ್ಲ, ಊಟದ ಮೇಜು, ಅದರಾಚೆ ಅಡುಗೆಮನೆ. ಅಂದರೆ ಎಡಗಡೆಯ ಸ್ಪೀಕರಿನ ಸದ್ದು ಗಾಜಿಗೆ ಬಡಿದು ಎರಡು ಪಾಲಾಗಿ ಬರ್ತದೆ, ಬಲಗಡೆಯದ್ದು ಅಡುಗೆಮನೆಗೆ ಹೋಗಿ ಅಲ್ಲೇ ಕಳೆದುಹೋಗ್ತದೆ. ಹಿಂದೆ ಗೋಡೆ ಇರುವುದರಿಂದ ಹಿಂಬದಿಯ ಸ್ಪೀಕರಿಗೆ ಜಾಗವಿಲ್ಲ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ. ಇದನ್ನೆಲ್ಲ ನೋಡಿದ ಮೇಲೆ ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ಅಕ್ಕ, ಅಂದರೆ ನಿನ್ನ ಅಮ್ಮ, ಸೋಫಾದಲ್ಲಿ ಕೂರುವುದೇ ಇಲ್ಲ. ಮೊಣಕಾಲು ನೋವಿಗೆ ಎತ್ತರದ ಬೆತ್ತದ ಕುರ್ಚಿಯೇ ಆಗಬೇಕು ಅವಳಿಗೆ, ಅದೂ ಊಟದ ಮೇಜಿನ ಕಡೆಯ ತುದಿಯಲ್ಲಿ, ಫ್ಯಾನಿನ ಗಾಳಿ ನೇರ ತಾಗುವಲ್ಲಿ. ನಾನಿದ್ದ ಮೂರು ಗಂಟೆಯಲ್ಲಿ ಅವಳು ಎಂಟು ಸಲ ಸೌಂಡು ಹೆಚ್ಚು ಮಾಡಿದಳು, ನೀನು ಎಂಟು ಸಲ ಕಡಿಮೆ ಮಾಡಿದೆ. ಇಬ್ಬರೂ ಒಂದು ಮಾತು ಆಡಲಿಲ್ಲ.

ಅವಳಿಗೆ ಸದ್ದು ಸಾಕಾಗುವುದಿಲ್ಲ ಅಂತ ನೀನು ತಿಳಿದಿದ್ದೀ. ಅವಳಿಗೆ ಸಿಗದಿರುವುದು ಅಕ್ಷರ. ವಯಸ್ಸಾದ ಹಾಗೆ ಕಿವಿ ಮೊದಲು ಬಿಟ್ಟುಕೊಡುವುದು ಏರು ಸ್ವರಗಳನ್ನು. ಸ, ಶ, ತ, ಕ, ಪ ಇವೆಲ್ಲ ಇರುವುದು ಅಲ್ಲಿ. ಅ, ಓ, ಊ ಅನ್ನುವ ಸ್ವರಗಳು ಕೆಳಗಿನವು, ಅವು ಕೇಳ್ತವೆ. ಹಾಗಾಗಿ ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗ್ತದೆ, ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ. ಮೊದಲು ಅವಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಪರೀಕ್ಷೆ ಮಾಡಿಸು. ಅದು ಸ್ಪೀಕರಿಗಿಂತ ಮುಂಚಿನ ಕೆಲಸ. ಆಮೇಲೆ ಸ್ಪೀಕರು ತರುವಾಗಲೂ ಅವಳ ಕಿವಿಯನ್ನೇ ಅಳತೆಗೆ ಇಟ್ಟುಕೋ. ಅವಳಿಗೆ ಸ್ಪಷ್ಟವಾಗಿ ಕೇಳಿದ್ದು ನಿನಗೆ ಇನ್ನೂ ಚಂದ ಕೇಳ್ತದೆ.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ನಿನ್ನ ಅಜ್ಜನಿಗೆ ಒಂದು ಮರ್ಫಿ ರೇಡಿಯೊ ಇತ್ತು, ಮರದ ಪೆಟ್ಟಿಗೆ, ಒಳಗೆ ಒಂದೇ ಒಂದು ಕಾಗದದ ಸ್ಪೀಕರು. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ ಯಕ್ಷಗಾನ, ತಾಳಮದ್ದಲೆ ಇದ್ದ ದಿನ ಅಪ್ಪ ಊಟವನ್ನೂ ಬೇಗ ಮುಗಿಸಿ ಚಾವಡಿಯಲ್ಲಿ ಕೂರುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಇದ್ದರಂತೂ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವ ಹಾಗಿಲ್ಲ. ನಾನು ಕೆಲಸ ಕಲಿತ ಹೊಸತು. ಅಪ್ಪನಿಗೆ ಏನಾದರೂ ಒಳ್ಳೆಯದು ಮಾಡಿಕೊಡಬೇಕು ಅಂತ ನಾಲ್ಕು ತಿಂಗಳ ಸಂಬಳ ಉಳಿಸಿ ರೇಡಿಯೊ ಹಿಡಿಯುವ ಆಂಪ್ಲಿಫೈಯರ್ ಕಟ್ಟಿದೆ, ಹತ್ತಿಂಚಿನ ಎರಡು ದೊಡ್ಡ ಸ್ಪೀಕರು ತಂದು ಪೆಟ್ಟಿಗೆ ಮಾಡಿಸಿ ಚಾವಡಿಯ ಎರಡು ಮೂಲೆಯಲ್ಲಿ ಇಟ್ಟೆ. ಮೂಲೆಯಲ್ಲಿಟ್ಟರೆ ಬೇಸ್ ಹೆಚ್ಚು ಬರ್ತದೆ ಅಂತ ನನಗೆ ಹೆಮ್ಮೆ. ಮದ್ದಲೆಯ ಒಂದೊಂದು ಪೆಟ್ಟಿಗೂ ಎದೆ ನಡುಗುತ್ತಿತ್ತು. ಅಪ್ಪ ಎರಡು ವಾರ ಕೇಳಿದರು, ಚಂದ ಉಂಟು ಅಂದರು. ಮೂರನೆಯ ವಾರ ನಾನು ಅಂಗಡಿಯಿಂದ ಬರುವಾಗ ಅವರು ಅಟ್ಟದಿಂದ ಮರ್ಫಿಯನ್ನು ಇಳಿಸಿ, ಧೂಳು ಒರೆಸಿ, ಕಿವಿಗೆ ಹತ್ತಿರ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ, “ಇದರಲ್ಲಿ ಮಾತು ಸಿಗ್ತದೆ ಮಗಾ” ಅಂದರು. ಅಷ್ಟೇ.

ಕಾರಣ ನನಗೆ ಎಷ್ಟೋ ವರ್ಷದ ಮೇಲೆ ಓದಿ ಗೊತ್ತಾಯಿತು. ತಗ್ಗಿನ ಸದ್ದು ಜೋರಾದರೆ ಅದು ತನಗಿಂತ ಮೇಲಿನ ಸದ್ದನ್ನು ಮುಚ್ಚಿಹಾಕ್ತದೆ, ಮೇಲಿನದ್ದು ಕೆಳಗಿನದ್ದನ್ನು ಅಷ್ಟು ಮುಚ್ಚುವುದಿಲ್ಲ. ಕಿವಿಯ ಗುಣವೇ ಹಾಗೆ. ನಾನು ಮೂಲೆಯಲ್ಲಿಟ್ಟು ಉಬ್ಬಿಸಿದ ಬೇಸು ಅರ್ಥಧಾರಿಯ ಅಕ್ಷರಗಳನ್ನು ನುಂಗಿತ್ತು. ಅಪ್ಪ ಹೋಗಿ ಇಷ್ಟು ವರ್ಷವಾದರೂ ಆ ಪೆಟ್ಟಿಗೆಗಳನ್ನು ಮೂಲೆಯಿಂದ ಎರಡು ಅಡಿ ಈಚೆಗೆ ಎಳೆಯಲು ನನಗೆ ಅವತ್ತು ಹೊಳೆಯಲಿಲ್ಲವಲ್ಲ ಅನ್ನುವುದು ಮನಸ್ಸಿನಲ್ಲಿ ಉಂಟು.

ಹಾಗೆ ನೋಡಿದರೆ ಆ ಚಾವಡಿ ಸದ್ದಿಗೆ ಒಳ್ಳೆಯ ಜಾಗವೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಊರೆಲ್ಲ ಹಂಚಿನ ಮಾಡು ಬಂತು. ಹಂಚಿನ ಮಾಡಿನ ಕೆಳಗೆ ಪಕ್ಕಾಸು, ರೀಪು, ಓರೆಯಾದ ಇಳಿಜಾರು. ಸದ್ದು ಮೇಲೆ ಹೋದದ್ದು ಚದುರಿಹೋಗ್ತದೆ, ಹಂಚಿನ ಸಂದಿಯಲ್ಲಿ ಒಂದಷ್ಟು ಹೊರಗೇ ಹೋಗ್ತದೆ. ಜಗಲಿಯ ಕಡೆ ತೆರೆದಿರ್ತದೆ, ಒಳಗೆ ಚಾಪೆ, ಅಕ್ಕಿಮುಡಿ, ಹಾಸಿಗೆಯ ಸುರುಳಿ. ನಿನ್ನ ಫ್ಲ್ಯಾಟು ಹಾಗಲ್ಲ. ಮೇಲೆ ಕಾಂಕ್ರೀಟು, ಕೆಳಗೆ ಕನ್ನಡಿಯಂಥ ಟೈಲ್ಸು, ಪಕ್ಕದಲ್ಲಿ ಗಾಜು. ನಡುವೆ ನಿಂತು ಒಮ್ಮೆ ಚಪ್ಪಾಳೆ ಹೊಡೆದು ನೋಡು ಅಂದೆನಲ್ಲ, ಟರ್ರ್ ಅಂತ ಬಾಲ ಬಂತಲ್ಲ, ಎಷ್ಟು ದುಬಾರಿ ಸ್ಪೀಕರು ತಂದರೂ ಆಡುವ ಪ್ರತಿ ಮಾತಿಗೂ ಆ ಬಾಲ ಅಂಟಿಕೊಂಡೇ ಬರ್ತದೆ. ಆದ್ದರಿಂದ ನಿನ್ನ 60 ಸಾವಿರದಲ್ಲಿ ಮೊದಲ ಐದಾರು ಸಾವಿರ ಬಟ್ಟೆಯಂಗಡಿಗೆ ಹೋಗಲಿ.

ಬಾಲ್ಕನಿಯ ಗಾಜಿಗೆ ದಪ್ಪ ಪರದೆ, ಅಗಲದ ಎರಡರಷ್ಟು ಬಟ್ಟೆ, ನೆರಿಗೆ ನೆರಿಗೆಯಾಗಿ ಇಳಿಯಬೇಕು. ತೆಳ್ಳಗಿನದ್ದು ಚಂದಕ್ಕೆ ಸರಿ, ಸದ್ದಿಗೆ ಏನೂ ಮಾಡುವುದಿಲ್ಲ. ಟಿವಿಗೂ ಸೋಫಾಗೂ ನಡುವೆ ಒಂದು ದಪ್ಪ ಜಮಖಾನ. ಪರದೆ, ಜಮಖಾನ ಎಲ್ಲಿಗೆ ಬರಬೇಕು ಅಂತ ತಿಳಿಯಲು ಲೆಕ್ಕ ಬೇಡ. ರಾತ್ರಿ ಹೊರಗೆ ಕತ್ತಲಾದ ಮೇಲೆ ಹಾಲಿನ ಲೈಟು ಹಾಕಿ ಅಮ್ಮನ ಕುರ್ಚಿಯಲ್ಲಿ ಕೂತುಕೋ. ಗಾಜಿನಲ್ಲಿ ಎಡಗಡೆಯ ಸ್ಪೀಕರಿನ ಪ್ರತಿಬಿಂಬ ಎಲ್ಲಿ ಕಾಣ್ತದೋ ಅಲ್ಲಿಂದಲೇ ಸದ್ದು ಪುಟಿದು ಬರುವುದು. ಹೊಳೆಯುವ ನೆಲದಲ್ಲೂ ಹಾಗೆಯೇ ಕಾಣ್ತದೆ. ಬೆಳಕು ಹೇಗೋ ಸದ್ದೂ ಹಾಗೆ, ತಾಗಿದ ಕೋನದಲ್ಲೇ ತಿರುಗ್ತದೆ. ಗೋಡೆಗಾದರೆ ಇನ್ನೊಬ್ಬರ ಕೈಗೆ ಕನ್ನಡಿ ಕೊಟ್ಟು ಸರಿಸಲು ಹೇಳು. ಮೊಟ್ಟೆಯ ಟ್ರೇ ಅಂಟಿಸಿದರೆ ಆಗ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ, ಅದರಿಂದ ಆಗುವುದು ಅತಿ ಕಡಿಮೆ. ಪುಸ್ತಕ ತುಂಬಿದ ಕಪಾಟು, ಹಳೆಯ ಹತ್ತಿಯ ಹಾಸಿಗೆ ಅದಕ್ಕಿಂತ ಎಷ್ಟೋ ಒಳ್ಳೆಯದು. ಹೊರಗಿನ ಗೋಡೆಗೆ ಮಾತ್ರ ಯಾವುದನ್ನೂ ಒತ್ತಿ ಇಡಬೇಡ, ಜುಲೈಯಲ್ಲಿ ತೆಗೆದು ನೋಡಿದರೆ ಬೂಷ್ಟು ಹಿಡಿದಿರ್ತದೆ. ನಾಲ್ಕು ಬೆರಳು ಸಂದಿ ಬಿಡು.

ಇನ್ನು ಸೋಫಾ. ಹನ್ನೊಂದು ಅಡಿ ಅಂದರೆ 3.35 ಮೀಟರು. ಸದ್ದು ಸೆಕೆಂಡಿಗೆ ಸುಮಾರು 345 ಮೀಟರು ಓಡ್ತದೆ. ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರುವ 6.7 ಮೀಟರಿನಿಂದ ಭಾಗಿಸಿದರೆ 51ರ ಆಸುಪಾಸು ಬರ್ತದೆ. ನಿನ್ನ ಹಾಲು ತನ್ನಷ್ಟಕ್ಕೇ ಹಾಡುವ ಒಂದು ತಗ್ಗು ಸ್ವರ ಅದು, 51 ಹರ್ಟ್ಸು. ಆ ಸ್ವರ ಎರಡು ಗೋಡೆಗಳ ಹತ್ತಿರ ಉಬ್ಬಿರ್ತದೆ, ನಟ್ಟನಡುವೆ ಬತ್ತಿರ್ತದೆ. ಗೋಡೆಗೆ ತಲೆ ಆನಿಸಿ ಕೂತವನಿಗೆ ಎಲ್ಲವೂ ಗುಂಯ್‌ಗುಡುವುದು ಇದರಿಂದಲೇ. ಸೋಫಾವನ್ನು ಒಂದೂವರೆ ಅಡಿ ಮುಂದೆ ಎಳೆ. ನಡೆದಾಡಲು ಜಾಗ ಕಡಿಮೆಯಾಯಿತು ಅಂತ ಮೊದಲು ಅನಿಸ್ತದೆ, ಒಂದು ವಾರ ಇಟ್ಟು ನೋಡು. ಅಮ್ಮನ ಕುರ್ಚಿಯನ್ನೂ ಒಂದು ಅಡಿ ಟಿವಿಯ ಕಡೆಗೆ, ಎರಡು ಅಡಿ ಒಳಕ್ಕೆ ತೆಗೆದುಕೋ, ಫ್ಯಾನಿನ ಗಾಳಿ ಅಲ್ಲಿಗೂ ಬರ್ತದೆ, ನಾನು ನಿಂತು ನೋಡಿದ್ದೇನೆ.

ಈಗ ಕೊಳ್ಳುವ ಮಾತು. ಆರು ಪೆಟ್ಟಿಗೆಯ ಸೆಟ್ಟು ಬೇಡ. ಆ ಬೆಲೆಗೆ ಆರು ಮಾಡಬೇಕಾದರೆ ಒಂದೊಂದಕ್ಕೂ ಹಾಕುವ ಸಾಮಾನು ಅಷ್ಟರದ್ದೇ ಇರ್ತದೆ. ಅಂಗೈಯಷ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೂರಿಂಚಿನ ಕೋನು, ಗಂಡಸಿನ ಧ್ವನಿಯ ತಗ್ಗಿನ ಭಾಗ ಅದರಲ್ಲಿ ಸರಿಯಾಗಿ ಬರುವುದಿಲ್ಲ, ಅದನ್ನು ನೆಲದ ಮೇಲಿನ ಸಬ್‌ವೂಫರ್ ಹೊರಬೇಕು. ಆಗ ಮನುಷ್ಯ ಟಿವಿಯಲ್ಲಿ, ಅವನ ಎದೆ ಮೂಲೆಯಲ್ಲಿ. ಮತ್ತೆ ಹಲವು ಸೆಟ್ಟುಗಳ ಪ್ಲಗ್ಗು ಅವರದ್ದೇ ನಮೂನೆಯದ್ದು, ಸ್ಪೀಕರು ಮೂರು ನಾಲ್ಕು ಓಮಿನವು. ಒಂದು ಕೆಟ್ಟರೆ ಬೇರೆಯದ್ದು ಸೇರುವುದಿಲ್ಲ, ಒಳ್ಳೆಯದೊಂದನ್ನು ಆಮೇಲೆ ಸೇರಿಸಲೂ ಆಗುವುದಿಲ್ಲ.

ನಿನ್ನ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು, ಎಲ್ಲ ಸ್ಪೀಕರಿಗೂ ಸದ್ದು ಹಂಚುವ ಒಂದು ಸಾದಾ 5.1 ರಿಸೀವರಿಗೆ ಹೋಗ್ತದೆ. ಡೆನನ್, ಯಮಹಾ, ಸೋನಿ ಇವರ ಕೆಳದರ್ಜೆಯ ಮಾಡೆಲ್ ಸಾಕು. ಟಿವಿಯ ಎಚ್‌ಡಿಎಂಐ ಎಆರ್‌ಸಿ ಅಂತ ಬರೆದ ತೂತಿಗೆ ಒಂದೇ ಕೇಬಲಿನಲ್ಲಿ ಸೇರುವ ಹಾಗಿರಬೇಕು, ಆಗ ಅಮ್ಮನಿಗೆ ಎರಡು ರಿಮೋಟಿನ ತಲೆಬಿಸಿ ಇಲ್ಲ. ಉಳಿದದ್ದರಲ್ಲಿ ಮೂರೇ ಸ್ಪೀಕರು. ಎಡಬಲಕ್ಕೆ ಐದು ಅಥವಾ ಆರೂವರೆ ಇಂಚಿನ ಕೋನಿನ ಸಣ್ಣ ಪೆಟ್ಟಿಗೆಯ ಜೋಡಿ, ನಡುವಿಗೆ ಅದೇ ಕಂಪನಿಯ ಅದೇ ಸಾಲಿನ ಸೆಂಟರ್. ಬೇರೆ ಕಂಪನಿಯದ್ದು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡ, ಮಾತಾಡುತ್ತಾ ಎಡದಿಂದ ಬಲಕ್ಕೆ ನಡೆದವನ ಕಂಠ ನಡುವಿನಲ್ಲಿ ಬೇರೆಯೇ ಆಗಿಬಿಡ್ತದೆ.

ಎರಡೇ ಸ್ಪೀಕರು ಸಾಲದಾ ಅಂತ ನೀನು ಕೇಳಿದೆ. ನೀನೊಬ್ಬನೇ ನಟ್ಟನಡುವೆ ಕೂತು ಕೇಳುವುದಾದರೆ ಧಾರಾಳ ಸಾಕು, ಅದೇ ಹಣಕ್ಕೆ ಇನ್ನೂ ಒಳ್ಳೆಯ ಜೋಡಿ ಬರ್ತಿತ್ತು. ಆದರೆ ಎರಡು ಸ್ಪೀಕರಿನಲ್ಲಿ ಮಾತು ಟಿವಿಯ ನಡುವಿನಿಂದ ಬಂದ ಹಾಗೆ ಕೇಳುವುದು ನಡುವೆ ಕೂತವರಿಗೆ ಮಾತ್ರ. ಅಮ್ಮ ಬಲಕ್ಕೆ ಕೂತಿದ್ದಾಳೆ. ಅವಳಿಗೆ ಎಲ್ಲರೂ ಬಲಗಡೆಯ ಪೆಟ್ಟಿಗೆಯೊಳಗಿಂದಲೇ ಮಾತಾಡ್ತಾರೆ, ಬಾಯಿ ಆಡುವುದು ಒಂದು ಕಡೆ, ಸ್ವರ ಇನ್ನೊಂದು ಕಡೆ. ಅರ್ಧ ಕೇಳುವ ಕಿವಿಗೆ ಬಾಯಿಯ ಆಟವೂ ಆಸರೆ, ಅದು ತಪ್ಪಿಹೋಗ್ತದೆ. ಅವಳಿಗೋಸ್ಕರವೇ ಸೆಂಟರ್.

ಆ ಸೆಂಟರನ್ನು ಆರಿಸುವಾಗ ಎಚ್ಚರ. ಹೆಚ್ಚಿನವು ಅಡ್ಡ ಮಲಗಿದ ಪೆಟ್ಟಿಗೆ, ನಡುವೆ ಏರು ಸ್ವರದ ಸಣ್ಣ ಟ್ವೀಟರು, ಎರಡು ಪಕ್ಕದಲ್ಲಿ ಎರಡು ಕೋನು. ನೇರ ಎದುರು ನಿಂತರೆ ಚಂದ ಕೇಳ್ತದೆ. ಪಕ್ಕಕ್ಕೆ ಸರಿದರೆ ಎರಡು ಕೋನುಗಳ ಸದ್ದು ಕಿವಿಗೆ ಬೇರೆ ಬೇರೆ ಹೊತ್ತಿಗೆ ಬಂದು ಒಂದನ್ನೊಂದು ಕಡಿದುಹಾಕ್ತವೆ, ಮಾತು ತೆಳ್ಳಗಾಗ್ತದೆ. ಅಂಗಡಿಯವ ನಿನ್ನನ್ನು ನಡುವಿನ ಕುರ್ಚಿಯಲ್ಲೇ ಕೂರಿಸ್ತಾನೆ. ಎದ್ದು, ಅಮ್ಮ ಕೂರುವಷ್ಟು ಬಲಕ್ಕೆ ಹೋಗಿ ನಿಂತು ಕೇಳು. ಅಲ್ಲಿ ತೆಳ್ಳಗಾಗದ್ದನ್ನು ತಾ. ಟ್ವೀಟರಿನ ಕೆಳಗೇ ಮಾತಿನ ಕೋನು ಇರುವ ನಮೂನೆ ಸಿಕ್ಕರೆ ಒಳ್ಳೆಯದು. ಜೋಡಿಯಲ್ಲಿರುವಂಥದ್ದೇ ಸ್ಪೀಕರು ಒಂದೇ ಒಂದು ಬಿಡಿಯಾಗಿ ಸಿಕ್ಕಿ, ಟಿವಿಯ ಕೆಳಗೆ ನಿಲ್ಲಿಸಲು ಜಾಗವಿದ್ದರೆ ಅದಕ್ಕಿಂತ ಮೇಲಿಲ್ಲ.

ಕೇಳಿ ನೋಡಲು ಫೋನಿನಲ್ಲಿ ನಿನ್ನದೇ ಹಾಡು ಇಟ್ಟುಕೊಂಡು ಹೋಗು, ಅಂಗಡಿಯವರು ಹಾಕುವುದು ಸಿಡಿಯುವಂಥದ್ದೇ. ಒಂದು ತಾಳಮದ್ದಲೆ, ಅದರಲ್ಲಿ ಇರುವುದೆಲ್ಲ ಮಾತು, ಏರಿಳಿತ, ಮಾತಿನ ನಡುವಿನ ಮೌನ. ಆ ಮೌನದಲ್ಲಿ ಬುಸ್ ಅನ್ನುವ ಸದ್ದು ಉಂಟಾ ಕೇಳು. ಒಂದು ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನು, ಒಳ್ಳೆಯ ಸ್ಪೀಕರಿನಲ್ಲಿ ಅದು ದುಂಡಗೆ ಇರ್ತದೆ, ಕೆಟ್ಟದ್ದರಲ್ಲಿ ಕಿವಿಗೆ ಚುಚ್ಚುತ್ತದೆ. ಮತ್ತೆ ಒಂದು ಚೆಂಡೆಯ ಪೀಠಿಕೆ. ಪೆಟ್ಟು ಪೆಟ್ಟಾಗಿ ಬಿಡಿಬಿಡಿಯಾಗಿ ಬೀಳಬೇಕು, ಒಂದಕ್ಕೊಂದು ಅಂಟಿದರೆ ಆ ಪೆಟ್ಟಿಗೆ ಬೇಡ.

ವ್ಯಾಟಿನ ಲೆಕ್ಕಕ್ಕೆ ಮರುಳಾಗಬೇಡ. ಟೇಪ್‌ರೆಕಾರ್ಡರಿನ ಕಾಲದಲ್ಲಿ ಪೆಟ್ಟಿಗೆಯ ಮೇಲೆ 2000 ವ್ಯಾಟ್ ಪಿಎಂಪಿಒ ಅಂತ ಅಚ್ಚು ಹಾಕಿರುತ್ತಿದ್ದರು. ಬಿಚ್ಚಿದರೆ ಒಳಗೆ ಇಪ್ಪತ್ತು ವ್ಯಾಟಿಗೆ ಉಸಿರು ಕಟ್ಟುವ ಟ್ರಾನ್ಸ್‌ಫಾರ್ಮರು. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ನಿಲ್ಲದೆ ಕೊಡಬಲ್ಲ ವ್ಯಾಟು, ಅದಕ್ಕಿಂತ ಮುಖ್ಯ ಸ್ಪೀಕರಿನ ಡೆಸಿಬಲ್. ಒಂದು ವ್ಯಾಟಿಗೆ ಒಂದು ಮೀಟರಿನಲ್ಲಿ 88 ಡೆಸಿಬಲ್ ಕೊಡುವ ಸ್ಪೀಕರು ಇದ್ದರೆ ನಿನ್ನ ಒಂಬತ್ತು ಅಡಿ ದೂರಕ್ಕೆ ಮಾತು ಕೇಳಲು ಒಂದು ವ್ಯಾಟೂ ಬೇಡ, ಸಿನಿಮಾದ ಜೋರಿನ ಹೊತ್ತಿಗೆ ಐವತ್ತು ಅರವತ್ತು ಸಾಕು. 85ರ ಸ್ಪೀಕರು ಅದೇ ಸದ್ದಿಗೆ ಎರಡು ಪಟ್ಟು ವ್ಯಾಟು ಕೇಳ್ತದೆ. ಮೂರು ಡೆಸಿಬಲ್ ಅಂದರೆ ಅಷ್ಟು.

ಯಾರೋ ಗಲ್ಫಿನಿಂದ ತಂದ ಹಳೆಯ ಸೆಟ್ಟು ಕೊಡ್ತಾರೆ ಅಂದೆಯಲ್ಲ. ಬೇಡ ಅನ್ನುವುದಿಲ್ಲ, ಒಳ್ಳೆಯ ಸಾಮಾನು ಹಾಗೆ ಎಷ್ಟೋ ಸಲ ನನ್ನ ಕೈಗೆ ಬಂದದ್ದುಂಟು. ಹಿಂಬದಿಯಲ್ಲಿ ಬರೆದ ವೋಲ್ಟೇಜು ಓದು. ಅಮೆರಿಕದ್ದಾದರೆ 120, ನಮ್ಮ 230ಕ್ಕೆ ಹಾಕಿದ ಗಳಿಗೆಗೆ ಮುಗಿಯಿತು. ಕೋನಿನ ಸುತ್ತಲಿನ ಅಂಚನ್ನು ಬೆರಳಲ್ಲಿ ಮುಟ್ಟು. ಫೋಮಿನದ್ದಾದರೆ ನಮ್ಮ ಈ ಸೆಕೆ, ಉಪ್ಪುಗಾಳಿಗೆ ಹತ್ತು ಹದಿನೈದು ವರ್ಷದಲ್ಲಿ ಪುಡಿಯಾಗಿ ಉದುರ್ತದೆ. ರಬ್ಬರಿನದ್ದು ಬಾಳಿಕೆ ಬರ್ತದೆ. ಕೋನನ್ನು ನಾಲ್ಕು ಬೆರಳಿನಲ್ಲಿ ಮೆಲ್ಲಗೆ ಒತ್ತು, ಕರಕರ ಅಂದರೆ ಕಾಯಿಲು ಉಜ್ಜುತ್ತದೆ ಅಂತ ಅರ್ಥ.

ಸಬ್‌ವೂಫರ್ ಮುಂದಿನ ವರ್ಷದ ಬೋನಸಿಗೆ ಇರಲಿ. ಬಂದ ಮೇಲೆ ಅದನ್ನು ಎಲ್ಲಿಡಬೇಕು ಅಂತ ತಿಳಿಯಲು ಒಂದು ಉಪಾಯ: ಸಬ್‌ವೂಫರನ್ನು ನೀನು ಕೂರುವ ಜಾಗದಲ್ಲಿಟ್ಟು, ಬೇಸ್ ಇರುವ ಹಾಡು ಹಾಕಿ, ಗೋಡೆಯ ಬದಿಯಲ್ಲೆಲ್ಲ ನೆಲಕ್ಕೆ ಬಗ್ಗಿ ಕೇಳುತ್ತಾ ಹೋಗು. ಎಲ್ಲಿ ಗುಂಯ್ ಅನ್ನದೆ ಬಿಗಿಯಾಗಿ ಕೇಳ್ತದೋ ಅಲ್ಲಿ ಅದರ ಸ್ಥಾನ. 80 ಹರ್ಟ್ಸಿನ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಸುಲಭದಲ್ಲಿ ತಿಳಿಯುವುದಿಲ್ಲ, ಹಾಗಾಗಿ ಟಿವಿಯ ಪಕ್ಕದಲ್ಲೇ ಇಡಬೇಕು ಅಂತಿಲ್ಲ. ಕೆಳಗಿನ ಮನೆಯ ಮಗು ಪಿಯುಸಿಗೆ ಓದ್ತಿದೆ ಅಂತ ನಿನ್ನ ಹೆಂಡತಿ ಹೇಳಿದಳು. ತಗ್ಗು ಸದ್ದು ಸ್ಲ್ಯಾಬಿನಲ್ಲಿ ಇಳಿದು ಹೋಗ್ತದೆ, ಪರದೆ ಅದನ್ನು ತಡೆಯುವುದಿಲ್ಲ. ಸಬ್‌ವೂಫರಿನ ಕೆಳಗೆ ದಪ್ಪ ರಬ್ಬರು ಇಡು, ರಾತ್ರಿ ಹತ್ತರ ನಂತರ ಅದರ ಸ್ವಿಚ್ಚು ತೆಗೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೂ ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು.

ವಯರು ಶುದ್ಧ ತಾಮ್ರದ್ದು, 1.5 ಚದರ ಮಿಲಿಮೀಟರಿನದ್ದು ಸಾಕು. ಬ್ಲೇಡಿನಲ್ಲಿ ಒಂದು ಎಳೆಯನ್ನು ಕೆರೆದು ನೋಡು. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಂ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ತಿರುಗಿದರೂ ಮಾತು ಟೊಳ್ಳಾಗಿ ಎಲ್ಲೋ ತೇಲ್ತದೆ, ಜನ ಸ್ಪೀಕರನ್ನು ಬೈಯುತ್ತಾರೆ. ಅನುಮಾನ ಬಂದರೆ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣ ಮುಟ್ಟಿಸು, ಪ್ಲಸ್ಸು ಕೆಂಪಿಗೆ ಇದ್ದರೆ ಕೋನು ಹೊರಗೆ ಬರಬೇಕು.

ಹೆಚ್ಚಿನ ರಿಸೀವರಿನ ಜೊತೆ ಸಣ್ಣ ಮೈಕು ಬರ್ತದೆ, ಕೋಣೆಯ ಅಳತೆ ತೆಗೆಯಲು. ಅದನ್ನು ಮಡಿಲಲ್ಲಿ ಹಿಡಿಯಬೇಡ, ಕಿವಿಯ ಎತ್ತರಕ್ಕೆ ಏನಾದರೂ ಕಟ್ಟಿ ನಿಲ್ಲಿಸು, ಫ್ಯಾನು ನಿಲ್ಲಿಸು. ನಿನ್ನ ಎಡದ ಗಾಜು, ಬಲದ ಖಾಲಿ ಎರಡರ ವ್ಯತ್ಯಾಸವನ್ನು ಅದು ಸ್ವಲ್ಪ ಮಟ್ಟಿಗೆ ಸರಿಮಾಡ್ತದೆ. ಅದರ ಕೆಲಸ ಆದ ಮೇಲೆ ಸೆಂಟರನ್ನು ಎರಡು ಡೆಸಿಬಲ್ ಹೆಚ್ಚು ಮಾಡು. ಸೆಂಟರಿನ ಮುಂಭಾಗವನ್ನು ಟಿವಿ ಸ್ಟ್ಯಾಂಡಿನ ಅಂಚಿಗೆ ತಂದು, ಎದುರಿನ ಕೆಳಗೆ ಒಂದು ರಬ್ಬರು ತುಂಡು ಇಟ್ಟು ಮೇಲ್ಮುಖ ಮಾಡು, ಕುರ್ಚಿಯಲ್ಲಿ ಕೂತವರ ಮುಖ ನೋಡಬೇಕು ಅದು.

ಮಳೆಗಾಲದ ಮಾತು ಒಂದುಂಟು. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುವ ಊರು ಇದು. ಆ ಪೆಟ್ಟಿಗೆಗಳ ಒಳಗಿರುವುದು ಮರದ ಪುಡಿಯ ಹಲಗೆ, ನೀರು ಕುಡಿದರೆ ಉಬ್ಬುತ್ತದೆ; ನೆಲಕ್ಕೆ ತಾಗಿಸಿ ಯಾವುದನ್ನೂ ಇಡಬೇಡ. ರಿಸೀವರನ್ನು ವಾರಕ್ಕೆ ಮೂರು ನಾಲ್ಕು ಸಲವಾದರೂ ಹಚ್ಚು, ಅದರ ಬಿಸಿಯೇ ಅದಕ್ಕೆ ಔಷಧಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಪ್ಲಗ್ಗು ತೆಗೆ, ಅದರ ಜೊತೆ ಡಿಶ್ಶಿನ ಕೇಬಲನ್ನೂ ತೆಗೆ. ಸಿಡಿಲಿಗೆ ಸುಟ್ಟು ನನ್ನಲ್ಲಿಗೆ ಬಂದ ಟಿವಿಗಳಲ್ಲಿ ಎಷ್ಟೋ ಆ ಕೇಬಲಿನ ದಾರಿಯಲ್ಲೇ ಸುಟ್ಟವು.

ಜೋಡಿಸುವ ದಿನ ನನಗೆ ಹೇಳು, ಸ್ಕ್ರೂಡ್ರೈವರ್ ಹಿಡಿದುಕೊಂಡು ಬರ್ತೇನೆ. ಅಮ್ಮನಿಗೆ ಮೊದಲೇ ಏನೂ ವಿವರಿಸಬೇಡ. ಮಧ್ಯಾಹ್ನದ ಊಟ ಆಗಿ ಅವಳು ಬೆತ್ತದ ಕುರ್ಚಿಯಲ್ಲಿ ಕೂತ ಮೇಲೆ ತಾಳಮದ್ದಲೆ ಹಾಕಿ, ರಿಮೋಟನ್ನು ಅವಳ ಕೈಗೆ ಕೊಟ್ಟು, ನಾವಿಬ್ಬರೂ ಬಾಲ್ಕನಿಗೆ ಹೋಗುವ. ಅರ್ಧ ಗಂಟೆ ಕಳೆದರೂ ಅವಳು ಸೌಂಡು ಮುಟ್ಟದಿದ್ದರೆ ಸರಿಯಾಯಿತು ಅಂತ. ಮುಟ್ಟಿದರೆ ಸೆಂಟರಿನ ಕೆಳಗಿನ ರಬ್ಬರನ್ನು ಇನ್ನೊಂದು ಬೆರಳು ಎತ್ತರಿಸಿ ನೋಡುವ.